ಟ್ರಾನ್ಸಿಟ್‌ನಲ್ಲಿ ಒಂದೂವರೆ ಗಂಟೆ ಸಾಕಾಗುತ್ತಾ? ಹಾಸನ, ಚಿಕ್ಕಮಗಳೂರಿನಿಂದ ವಿದೇಶಕ್ಕೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಹಾಸನದ ಯಾವ ಬಡಾವಣೆಗೆ ಹೋದರೂ ಒಂದೆರಡು ಮನೆಯಲ್ಲಾದರೂ ಮಗನೋ ಮಗಳೋ ಹೊರದೇಶದಲ್ಲಿ ಇರುತ್ತಾರೆ. ಚಿಕ್ಕಮಗಳೂರಿನ ತೋಟದ ಮನೆಗಳ ಕಥೆಯೂ ಅದೇ. ಮಗಳ ಬಾಣಂತನಕ್ಕೆ ಹೊರಟ ಅಮ್ಮ, ಎಂಎಸ್ ಓದಲು ಹೊರಟ ಹುಡುಗ, ಹೊಸದಾಗಿ ಕೆಲಸ ಸಿಕ್ಕಿದ ನರ್ಸ್, ಹೀಗೆ ಯಾರೇ ಬಂದರೂ ಟಿಕೆಟ್ ನೋಡಿಕೊಡುವ ನನ್ನಂಥವರನ್ನು ಕೇಳುವುದು ಒಂದೇ ಮಾತು. "ವಿಮಾನ ಬದಲಾಯಿಸೋಕೆ ದುಬೈಯಲ್ಲಿ ಬರೀ ಒಂದೂವರೆ ಗಂಟೆ ಇದೆಯಲ್ಲ ಸಾರ್, ಆಗುತ್ತಾ?"

ಒಂದೂವರೆ ಗಂಟೆ ಒಂದು ಊರಲ್ಲಿ ಧಾರಾಳ, ಇನ್ನೊಂದು ಊರಲ್ಲಿ ಏನೇನೂ ಸಾಲದು. ಇಳಿದ ಗೇಟಿಗೂ ಮುಂದೆ ಹತ್ತುವ ಗೇಟಿಗೂ ನಡುವೆ ಎಷ್ಟು ಕಡೆ ಕ್ಯೂ ನಿಲ್ಲಬೇಕು, ಅದನ್ನು ಮೊದಲು ಎಣಿಸಬೇಕು. ಪಾಸ್‌ಪೋರ್ಟ್ ಕ್ಯೂ, ಸೆಕ್ಯುರಿಟಿ ಕ್ಯೂ, ಲಗೇಜ್ ಕ್ಯೂ, ಟರ್ಮಿನಲ್ ಬದಲಾಯಿಸುವ ಬಸ್ಸಿನ ಕ್ಯೂ. ಎಷ್ಟು ಜೋರಾಗಿ ಓಡುತ್ತೀರಿ ಅನ್ನೋದರಿಂದ ದೊಡ್ಡ ವ್ಯತ್ಯಾಸ ಆಗೋದಿಲ್ಲ. ಕ್ಯೂನಲ್ಲಿ ಓಡೋಕೆ ಆಗಲ್ಲ, ಅಲ್ವಾ?

ಬುಕ್ ಮಾಡುವಾಗ ನೋಡಬೇಕಾದ್ದು

ಮೊದಲ ಪ್ರಶ್ನೆ: ಬೆಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಪಿಎನ್‌ಆರ್ ಇದೆಯಾ? ಇದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವುದು ಏರ್‌ಲೈನ್ಸ್‌ನ ಹೊಣೆ. ಲಗೇಜ್ ಕೂಡ ಸಾಮಾನ್ಯವಾಗಿ ನೇರ ಕೊನೆಯ ಊರಿಗೇ ಹೋಗುತ್ತದೆ.

ಬೆಂಗಳೂರು–ದುಬೈ ಒಂದು ಟಿಕೆಟ್, ದುಬೈ–ಟೊರಾಂಟೊ ಬೇರೆ ಟಿಕೆಟ್ ಅಂತ ತೆಗೆದುಕೊಂಡರೆ ಕಥೆಯೇ ಬೇರೆ. ಎರಡನೆಯ ಏರ್‌ಲೈನ್ಸ್‌ನವರಿಗೆ ನೀವು ಮೊದಲ ವಿಮಾನದಲ್ಲಿ ಬರುತ್ತಿದ್ದೀರಿ ಅನ್ನೋದೇ ಗೊತ್ತಿರುವುದಿಲ್ಲ. ಹೊತ್ತಿಗೆ ಸರಿಯಾಗಿ ಬರಲಿಲ್ಲ ಅಂದರೆ ಟಿಕೆಟ್ ಮುಗಿಯಿತು, ಕೈ ಎತ್ತಿಬಿಡುತ್ತಾರೆ. ಬಹಳ ಸಲ ಲಗೇಜನ್ನು ನೀವೇ ಹೊರಗೆ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಹೊರಗೆ ಬರಬೇಕೆಂದರೆ ಆ ದೇಶದ ವೀಸಾ ಬೇಕು. ಎಂಟು–ಹತ್ತು ಸಾವಿರ ಉಳಿಯುತ್ತದೆ ಅಂತ ಕೆಲವು ವೆಬ್‌ಸೈಟುಗಳು "ಸೆಲ್ಫ್ ಟ್ರಾನ್ಸ್‌ಫರ್" ಹೆಸರಿನಲ್ಲಿ ಇಂಥ ಟಿಕೆಟ್ ತೋರಿಸುತ್ತವೆ. ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕಣ್ಣಿಟ್ಟು ನೋಡಿ. ನನ್ನ ಮಟ್ಟಿಗೆ ಹೇಳುವುದಾದರೆ, ವಯಸ್ಸಾದವರಿಗೆ ಇಂಥ ಟಿಕೆಟ್ ಬೇಡವೇ ಬೇಡ. ತೆಗೆದುಕೊಳ್ಳಲೇಬೇಕಾದರೆ ನಡುವೆ ಒಂದು ರಾತ್ರಿ ಇಟ್ಟುಕೊಳ್ಳಿ.

ಎರಡನೆಯದು ಮಿನಿಮಮ್ ಕನೆಕ್ಟಿಂಗ್ ಟೈಮ್. ಪ್ರತಿ ವಿಮಾನ ನಿಲ್ದಾಣಕ್ಕೂ ಇಂತಿಷ್ಟು ನಿಮಿಷಕ್ಕಿಂತ ಕಡಿಮೆ ಇದ್ದರೆ ಒಂದೇ ಟಿಕೆಟ್‌ನಲ್ಲಿ ಮಾರಬಾರದು ಅಂತ ಮಿತಿ ಇದೆ. ಫ್ರಾಂಕ್‌ಫರ್ಟ್‌ನಲ್ಲಿ ಸಾಮಾನ್ಯವಾಗಿ 45 ನಿಮಿಷ. ಲಂಡನ್ ಹೀಥ್ರೂನ ಐದನೇ ಟರ್ಮಿನಲ್ ಒಳಗೇ ಬದಲಾಯಿಸುವುದಾದರೆ 60 ನಿಮಿಷ. "ಸಿಸ್ಟಮ್ ಟಿಕೆಟ್ ಕೊಟ್ಟಿದೆ ಅಂದಮೇಲೆ ಆಗುತ್ತೆ" ಅನ್ನುವವರು ಇದನ್ನೇ ನಂಬಿ ಹೇಳುವುದು. ಅದು ಎಲ್ಲವೂ ಸರಿಯಾಗಿ ನಡೆದರೆ, ಚುರುಕಾಗಿ ನಡೆಯುವವರಿಗೆ ಸಾಕಾಗುವ ಸಮಯ. ಮಂಡಿನೋವಿನ ಅಜ್ಜಿಗೆ ಹಾಕಿದ ಲೆಕ್ಕ ಅಲ್ಲ.

ನಾನು ಹೇಳುವ ಅಂದಾಜು ಹೀಗಿದೆ. ಓಡಾಡಿ ಅಭ್ಯಾಸ ಇರುವವರಿಗೆ, ಒಂದೇ ಟಿಕೆಟ್, ಒಂದೇ ಟರ್ಮಿನಲ್ ಆದರೆ ಒಂದೂವರೆ ಗಂಟೆ ಪರವಾಗಿಲ್ಲ. ಮೊದಲ ಸಲ ಹೊರಟ ಅಪ್ಪ–ಅಮ್ಮನಿಗೆ ಕೊಲ್ಲಿ ದೇಶಗಳಲ್ಲಿ ಮೂರು ಗಂಟೆ. ಅಮೆರಿಕದೊಳಗೆ ವಿಮಾನ ಬದಲಾಯಿಸುವುದಾದರೆ ಮೂರೂವರೆಯಿಂದ ನಾಲ್ಕು ಗಂಟೆ. ಆ ದಿನದ ಕೊನೆಯ ವಿಮಾನಕ್ಕೆ ಕನೆಕ್ಷನ್ ಇಟ್ಟುಕೊಳ್ಳಬೇಡಿ. ಅದು ತಪ್ಪಿದರೆ ಮುಂದಿನದು ಮಾರನೇ ದಿನವೇ.

ಇನ್ನೊಂದು ವಿಷಯ ಬುಕ್ ಮಾಡುವಾಗಲೇ ತಿಳಿದಿರಲಿ. ಟಿಕೆಟ್ ಮಂಗಳೂರಿನಿಂದ ಶುರುವಾಗಿದ್ದು, "ಸುಮ್ನೆ ಬೆಂಗಳೂರಿಗೇ ಹೋಗಿ ಅಲ್ಲಿಂದ ಹತ್ತಿಕೊಳ್ಳೋಣ" ಅಂದರೆ ನಡೆಯೋದಿಲ್ಲ. ಮೊದಲ ಭಾಗಕ್ಕೆ ಹತ್ತದಿದ್ದರೆ ಉಳಿದ ಭಾಗಗಳೂ ತಾನಾಗಿಯೇ ರದ್ದಾಗುತ್ತವೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ನಮಗೆ ಹೊಸದೇನಲ್ಲ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಹಾಸನದವರಿಗೆ ಮಂಗಳೂರಿನಿಂದ ಟಿಕೆಟ್ ಬೇಡ ಅಂತಲೇ ಹೇಳುತ್ತೇನೆ.

ಆ ಒಂದೂವರೆ ಗಂಟೆ ಎಲ್ಲಿ ಹೋಗುತ್ತದೆ?

ಟಿಕೆಟ್‌ನಲ್ಲಿ ಹೀಗಿದೆ ಅಂದುಕೊಳ್ಳಿ: ತಲುಪುವುದು ಬೆಳಿಗ್ಗೆ 5:10, ಮುಂದಿನದು ಹೊರಡುವುದು 6:55. ಒಂದು ಮುಕ್ಕಾಲು ಗಂಟೆ, ಅಂದರೆ 105 ನಿಮಿಷ.

ಹೊರಡುವ ಸಮಯ 6:55 ಅಂದರೆ ವಿಮಾನ ಜಾಗ ಬಿಟ್ಟು ಕದಲುವ ಸಮಯ. ಗೇಟ್ ಅದಕ್ಕಿಂತ 15–20 ನಿಮಿಷ ಮೊದಲೇ ಮುಚ್ಚುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನ ಹಾಗೆ ಕೈ ಅಡ್ಡ ಹಿಡಿದರೆ ನಿಲ್ಲಿಸುವುದಿಲ್ಲ. ಅಲ್ಲಿಗೆ 85 ನಿಮಿಷ ಉಳಿಯಿತು. 5:10ಕ್ಕೆ ವಿಮಾನ ನಿಂತಿತು, ಬಾಗಿಲು ತೆರೆಯಲು ಒಂದೈದು ನಿಮಿಷ. ಮುನ್ನೂರು ಜನ ಹಿಡಿಸುವ ದೊಡ್ಡ ವಿಮಾನದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರೆ ಇಳಿಯಲು ಇನ್ನೊಂದು ಕಾಲು ಗಂಟೆ. ಉಳಿದದ್ದು 65. ವಿಮಾನ ಕಟ್ಟಡಕ್ಕೆ ಅಂಟಿಕೊಂಡು ನಿಲ್ಲದೆ ದೂರದ ಬಯಲಲ್ಲಿ ನಿಂತರೆ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ, ಬಸ್ ತುಂಬುವವರೆಗೂ ಹೊರಡುವುದಿಲ್ಲ. ಅದಕ್ಕೆ 15 ಕಳೆಯಿರಿ, 50. ಟ್ರಾನ್ಸಿಟ್ ಸೆಕ್ಯುರಿಟಿಗೆ 20 ಅಂದರೆ 30. ಒಳಗಿನ ರೈಲು, ಎಸ್ಕಲೇಟರ್, ನಡಿಗೆ ಸೇರಿ 20. ಕೊನೆಗೆ ಕೈಯಲ್ಲಿ ಉಳಿಯುವುದು ಹತ್ತು ನಿಮಿಷ. ಮೊದಲ ವಿಮಾನ ಹೊರಡುವಾಗಲೇ ಅರ್ಧ ಗಂಟೆ ತಡವಾಗಿದ್ದರೆ ಅದೂ ಇಲ್ಲ.

ಹಾಗಾಗಿ ಸೀಟಿಗೆ ಸ್ವಲ್ಪ ದುಡ್ಡು ಕೊಟ್ಟು ಮುಂದಿನ ಸಾಲು, ಓಡಾಡುವ ದಾರಿಯ ಪಕ್ಕದ್ದು ತೆಗೆದುಕೊಳ್ಳಿ ಅನ್ನುತ್ತೇನೆ. ಕನೆಕ್ಷನ್ ಬಿಗಿಯಾಗಿದ್ದಾಗ ಕಿಟಕಿ ಸೀಟಿನ ಆಸೆ ಬಿಟ್ಟುಬಿಡಿ. ಕಾಲು ಗಂಟೆ ಉಳಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಊರಿಂದ ಊರಿಗೆ ಬೇರೆ ಬೇರೆ

ದುಬೈ: ಎಮಿರೇಟ್ಸ್‌ನಲ್ಲಿ ಹೋಗಿ ಎಮಿರೇಟ್ಸ್‌ನಲ್ಲೇ ಮುಂದುವರಿದರೆ ಎಲ್ಲವೂ ಮೂರನೇ ಟರ್ಮಿನಲ್‌ನಲ್ಲಿ. ಗೇಟುಗಳು ಎ, ಬಿ, ಸಿ ಅಂತ. ಎ ಗೇಟ್‌ಗಳಿಗೆ ಒಳಗಿನ ರೈಲಿನಲ್ಲಿ ಹೋಗಬೇಕು. ಪಾಸ್‌ಪೋರ್ಟ್ ಕ್ಯೂ ಇಲ್ಲ, ಸೆಕ್ಯುರಿಟಿ ಮಾತ್ರ. ಫ್ಲೈದುಬೈ ವಿಮಾನ ಸೇರಿಕೊಂಡಿದ್ದರೆ ಟರ್ಮಿನಲ್ ನಂಬರ್ ನೋಡಿ. ಕೆಲವು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ, ಅದು ರನ್‌ವೇಯ ಆಚೆ ಕಡೆ ಇದೆ. ಬಸ್ಸಿನಲ್ಲಿ ಕಳಿಸುತ್ತಾರೆ, ಸಮಯ ಹಿಡಿಯುತ್ತದೆ. ಅಪ್ಪ–ಅಮ್ಮನನ್ನು ಕಳಿಸುವವರು ಇನ್ನೊಂದು ಮಾತು ಮೊದಲೇ ಹೇಳಿಡಿ: ಯುಎಇಯಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ಮೆಸೇಜ್ ಮತ್ತು ವಾಯ್ಸ್ ನೋಟ್ ಹೋಗುತ್ತದೆ. ಇದು ಗೊತ್ತಿಲ್ಲದೆ ಕಾಲ್ ಮಾಡಿ ಮಾಡಿ ಗಾಬರಿಯಾಗುವವರೇ ಜಾಸ್ತಿ.

ದೋಹಾ: ಒಂದೇ ಟರ್ಮಿನಲ್, ಹಾಗಾಗಿ ತಲೆನೋವು ಕಡಿಮೆ. ನಡುವಿನ ಹಾಲ್‌ನಲ್ಲಿ ದೀಪದ ಕೆಳಗೆ ಕೂತ ಒಂದು ದೊಡ್ಡ ಹಳದಿ ಕರಡಿ ಗೊಂಬೆ ಇದೆ. "ಕಳೆದುಹೋದರೆ ಹಳದಿ ಕರಡಿ ಹತ್ತಿರ ಬನ್ನಿ" ಅಂತ ಮನೆಯವರೆಲ್ಲ ಮಾತಾಡಿಕೊಂಡಿರಿ.

ಅಬುಧಾಬಿ: ಇಲ್ಲಿ ಒಂದು ವಿಶೇಷ ಇದೆ. ಅಮೆರಿಕಕ್ಕೆ ಹೋಗುವವರ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಇಲ್ಲೇ ಮುಗಿಯುತ್ತದೆ. ಆ ಕಡೆ ಇಳಿದಾಗ ದೇಶದೊಳಗಿನ ಪ್ರಯಾಣಿಕರ ಹಾಗೆ ಹೊರಗೆ ಬರಬಹುದು. ಹಾಗಾಗಿ ಅಬುಧಾಬಿಯಲ್ಲಿ ಸಮಯ ಜಾಸ್ತಿ ಇಟ್ಟುಕೊಳ್ಳಿ, ಅಮೆರಿಕದಲ್ಲಿ ಕಡಿಮೆ ಇದ್ದರೂ ನಡೆಯುತ್ತದೆ.

ಫ್ರಾಂಕ್‌ಫರ್ಟ್: ಬೆಂಗಳೂರಿನಿಂದ ಬಂದವರು ಇಲ್ಲಿ ಮತ್ತೆ ಸೆಕ್ಯುರಿಟಿ ದಾಟಬೇಕು. ಇಲ್ಲಿಂದ ಅಮೆರಿಕ, ಕೆನಡಾ ಕಡೆ ಹೋಗುವುದಾದರೆ ಜರ್ಮನಿಯ ಇಮಿಗ್ರೇಷನ್ ಇಲ್ಲ. ಬರ್ಲಿನ್, ಸ್ಟಾಕ್‌ಹೋಮ್, ಮಿಲಾನ್ ಕಡೆ ಹೋಗುವುದಾದರೆ ಷೆಂಗೆನ್ ಪ್ರದೇಶದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ ಕಾಲಿಡುವುದು ಇಲ್ಲಿಯೇ, ಹಾಗಾಗಿ ಪಾಸ್‌ಪೋರ್ಟ್ ಕ್ಯೂ ಇಲ್ಲೇ. ಆಮ್ಸ್ಟರ್‌ಡ್ಯಾಮ್, ಪ್ಯಾರಿಸ್, ಮ್ಯೂನಿಕ್ ಮೂಲಕ ಹೋದರೂ ಇದೇ ನಿಯಮ. ಪ್ರವಾಸಿ ವೀಸಾದವರ ಫೋಟೋ ತೆಗೆದು, ಬಂದ–ಹೋದ ದಾಖಲೆಯನ್ನು ಕಂಪ್ಯೂಟರಿಗೆ ಹಾಕುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಈ ದಾರಿಯಲ್ಲಿ ಒಂದು ಗಂಟೆಯ ಕನೆಕ್ಷನ್ ನಾನು ಯಾರಿಗೂ ಹಾಕಿಕೊಡುವುದಿಲ್ಲ.

ಹೀಥ್ರೂ: ನೇರಳೆ ಬಣ್ಣದ "ಫ್ಲೈಟ್ ಕನೆಕ್ಷನ್ಸ್" ಬೋರ್ಡ್ ಹಿಡಿದು ಹೋಗಿ. ಹಳದಿ "ಅರೈವಲ್ಸ್" ಬೋರ್ಡ್ ಹಿಂದೆ ಹೋದರೆ ಬ್ರಿಟನ್ನಿನ ಇಮಿಗ್ರೇಷನ್ ಕ್ಯೂ ಮುಂದೆ ನಿಂತಿರುತ್ತೀರಿ. ಐದರಿಂದ ಮೂರನೇ ಟರ್ಮಿನಲ್‌ಗೆ ಹೋಗಬೇಕಾದರೆ ಬಸ್.

ಅಮೆರಿಕ: ಇಲ್ಲಿ ನಮ್ಮವರು ಏಮಾರುವುದು ಜಾಸ್ತಿ. ಒಂದೇ ಟಿಕೆಟ್ ಇರಲಿ, ಲಗೇಜ್ ಟ್ಯಾಗ್ ಕೊನೆಯ ಊರಿನದೇ ಇರಲಿ, ಅಬುಧಾಬಿಯಲ್ಲಿ ಮುಗಿಸಿಕೊಂಡು ಬಂದವರನ್ನು ಬಿಟ್ಟು ಉಳಿದವರೆಲ್ಲ ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲಿ ಇಮಿಗ್ರೇಷನ್ ಮುಗಿಸಿ, ಬೆಲ್ಟಿನಿಂದ ಲಗೇಜ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಅಲ್ಲೇ ಪಕ್ಕದ ಕೌಂಟರ್‌ನಲ್ಲಿ ಲಗೇಜನ್ನು ಮತ್ತೆ ಕೊಟ್ಟು, ಮತ್ತೆ ಸೆಕ್ಯುರಿಟಿ ದಾಟಬೇಕು. ಶಿಕಾಗೊದಲ್ಲಿ ಇಳಿದು ಡೆಟ್ರಾಯಿಟ್‌ಗೆ ಹೋಗುವುದಾದರೂ ಇದೇ ಕ್ರಮ. ಎಣಿಸಿ ನೋಡಿ, ಎಷ್ಟು ಕ್ಯೂ ಆಯಿತು? ಇನ್ನೊಂದು: ವಿಮಾನ ನಿಲ್ದಾಣದ ಒಳಗೇ ಕೂತು ಬದಲಾಯಿಸುವವರಿಗೂ ಅಮೆರಿಕದ ವೀಸಾ ಬೇಕು. ಅಲ್ಲಿ ಹೊರಗೆ ಬಾರದ ಟ್ರಾನ್ಸಿಟ್ ಅಂತ ಇಲ್ಲ.

ಬೇರೆ ದೇಶಗಳ ಟ್ರಾನ್ಸಿಟ್ ವೀಸಾ ನಿಯಮ ಆಗಾಗ ಬದಲಾಗುತ್ತಿರುತ್ತದೆ. ಟಿಕೆಟ್ ದುಡ್ಡು ಕಟ್ಟುವ ಮೊದಲು ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ಅಣ್ಣನ ಹೆಂಡತಿಯ ತಮ್ಮ ಹೋದ ವರ್ಷ ಹೋಗಿದ್ದ ಅನ್ನೋದು ಆಧಾರ ಅಲ್ಲ.

ಕೈಚೀಲದಲ್ಲಿ ಏನಿದೆ?

ಟ್ರಾನ್ಸಿಟ್ ಸೆಕ್ಯುರಿಟಿಯಲ್ಲಿ ನಮ್ಮ ಕಡೆಯವರ ಚೀಲ ಪಕ್ಕಕ್ಕೆ ಹೋಗುವುದಕ್ಕೆ ಕಾರಣ ಬಹುಪಾಲು ತಿಂಡಿ–ತಿನಿಸು. ಮೂಡಿಗೆರೆ ಕಡೆಯ ತೋಟದ ದಂಪತಿ, ನನಗೆ ಪರಿಚಯದವರು, ಮಗನ ಮನೆಗೆ ಅಂತ ಒಂದು ಕೆಜಿಯ ಎರಡು ಪೊಟ್ಟಣ ಕಾಫಿಪುಡಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೊರಟಿದ್ದರು. ಯುರೋಪಿನ ನಿಲ್ದಾಣವೊಂದರಲ್ಲಿ ಚೀಲ ಬೆಲ್ಟಿನಿಂದ ಪಕ್ಕಕ್ಕೆ ಸರಿಯಿತು. ಅಲ್ಲಿನವರು ಒಂದೊಂದೇ ಪೊಟ್ಟಣ ತೆಗೆದು, ಹೊರಗೆಲ್ಲ ಬಿಳಿ ಪಟ್ಟಿಯಿಂದ ಒರೆಸಿ ಮೆಷಿನ್‌ಗೆ ಇಟ್ಟು, ಮೂಸಿ, ಇನ್ನೊಬ್ಬರನ್ನು ಕರೆದರು. ಅಮ್ಮನವರ ಕಣ್ಣು ಗೋಡೆಯ ಗಡಿಯಾರದ ಮೇಲೆ. ಯಜಮಾನರಿಗೆ ತಾಳ್ಮೆ ತಪ್ಪಿ, "ಕಾಫಿಪುಡಿ ಕಣ್ರಯ್ಯಾ, ಬಾಂಬ್ ಅಲ್ಲ" ಅಂತ ಕನ್ನಡದಲ್ಲೇ ಹೇಳಿಬಿಟ್ಟರಂತೆ. ಆ ಇಡೀ ವಾಕ್ಯದಲ್ಲಿ ಅಲ್ಲಿನವರಿಗೆ ಅರ್ಥವಾದದ್ದು ಎರಡು ಪದ, ಕಾಫಿ ಮತ್ತು ಬಾಂಬ್. ಆಮೇಲೆ ಇನ್ನೂ ಅರ್ಧ ಗಂಟೆ ಕೂರಿಸಿದರು. ತಮಾಷೆಗೂ ಆ ಪದ ಬಾಯಲ್ಲಿ ಬರಬಾರದು, ಯಾವ ಭಾಷೆಯಲ್ಲೂ.

ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದೊಳಗೆ 350 ಮಿಲಿ ಲೀಟರ್ ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ, 2018ರಿಂದ ಈ ನಿಯಮ ಇದೆ. ಕಾಫಿಪುಡಿ, ಸಾರಿನ ಪುಡಿ, ಚಟ್ನಿಪುಡಿ ಎಲ್ಲವೂ ಪುಡಿಯೇ. ದೊಡ್ಡ ಸೂಟ್‌ಕೇಸಿಗೆ ಹಾಕಿ. ಉಪ್ಪಿನಕಾಯಿ, ತುಪ್ಪ, ಜೇನುತುಪ್ಪ, ಕೊಬ್ಬರಿ ಎಣ್ಣೆಯೂ ಅಲ್ಲಿಗೇ. ಕೈಚೀಲದಲ್ಲಿ ದ್ರವ ಅಂದರೆ 100 ಮಿಲಿ ಲೀಟರ್ ಮಿತಿ. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಬಾಟಲಿ ಕೊಂಡರೆ ಸೀಲ್ ಮಾಡಿದ ಪಾರದರ್ಶಕ ಚೀಲದಲ್ಲಿ ಕೊಡುತ್ತಾರೆ. ರಸೀದಿ ಸಮೇತ ಹಾಗೇ ಇರಲಿ, ಮನೆ ತಲುಪುವವರೆಗೆ ಬಿಚ್ಚಬೇಡಿ.

ಅರಸೀಕೆರೆ, ಚನ್ನರಾಯಪಟ್ಟಣದವರು ಕೇಳಿಸಿಕೊಳ್ಳಿ: ಇಡೀ ಕೊಬ್ಬರಿ ಗಿಟುಕು ಸೂಟ್‌ಕೇಸಿಗೆ ಹಾಕಬೇಡಿ. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಇದೆ. ಬೆಂಗಳೂರಿನ ಎಕ್ಸ್‌ರೇಯಲ್ಲಿ ಕಂಡರೆ ನಿಮ್ಮನ್ನು ಕರೆಸಿ ಸೂಟ್‌ಕೇಸ್ ಬಿಚ್ಚಿಸುತ್ತಾರೆ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ದುಬೈ, ದೋಹಾ ಕಡೆ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಮಾದಕ ವಸ್ತುವಿನ ಲೆಕ್ಕ.

ರಾತ್ರಿ ಎಲ್ಲಾದರೂ ಸಿಕ್ಕಿಕೊಂಡರೆ ಅಂತ ಕೈಚೀಲದಲ್ಲಿ ಇರಬೇಕಾದ್ದು: ಬಿಪಿ, ಶುಗರ್ ಮಾತ್ರೆಗಳು ಮೂರು ದಿನಕ್ಕಾಗುವಷ್ಟು, ಡಾಕ್ಟರ್ ಚೀಟಿ, ಒಂದು ಜೊತೆ ಬಟ್ಟೆ, ಚಾರ್ಜರ್, ಒಂದು ಶಾಲು. ಮಾತ್ರೆಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಇಟ್ಟು ಕಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಸನದಿಂದ ದೇವನಹಳ್ಳಿಗೆ

ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ನಾವು ಚಿಕ್ಕವರಿದ್ದಾಗಿನಿಂದ ಕೇಳುತ್ತಿದ್ದೇವೆ. ವಿದೇಶಕ್ಕೆ ಹೋಗಲು ನಮಗೆ ದೇವನಹಳ್ಳಿಯೇ ಗತಿ.

ಮೊದಲು ತಾರೀಖು ಸರಿಯಾಗಿ ಓದಿ. ಯುರೋಪ್, ಕೊಲ್ಲಿ ಕಡೆಯ ಬಹಳಷ್ಟು ವಿಮಾನಗಳು ಬೆಂಗಳೂರಿನಿಂದ ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. 15ನೇ ತಾರೀಖು 02:50 ಅಂದರೆ 14ರ ಸಂಜೆ ಹಾಸನ ಬಿಡಬೇಕು. 15ರ ಸಂಜೆ ಬ್ಯಾಗ್ ಕಟ್ಟಿ ಕೂತವರು ಇದ್ದಾರೆ.

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇನ್ನೂ ಅರವತ್ತು ಜಾಸ್ತಿ. ಊರೊಳಗೆ ಹೋಗದೆ ನೆಲಮಂಗಲದಿಂದ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಹೋದರೆ ಹೆಬ್ಬಾಳದ ಟ್ರಾಫಿಕ್ ತಪ್ಪುತ್ತದೆ. ಭಾನುವಾರ ಸಂಜೆ ಮಾತ್ರ ಹುಷಾರು. ಸಕಲೇಶಪುರ, ಚಿಕ್ಕಮಗಳೂರಿನ ಹೋಂಸ್ಟೇಗಳಿಂದ ವಾಪಸ್ ಬರುವ ಬೆಂಗಳೂರಿನ ಕಾರುಗಳೆಲ್ಲ ಅದೇ ರಸ್ತೆಯಲ್ಲಿ ಇರುತ್ತವೆ. ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಿ ಹಾಸನ ದಾಟುವುದೇ ಒಂದು ಪ್ರಯಾಣ, ಚಿಕ್ಕಮಗಳೂರಿನವರು ಕಡೂರು–ತುಮಕೂರು ಕಡೆಯಿಂದ ಹೋಗುವುದು ಒಳ್ಳೆಯದು. ಚಳಿಗಾಲದಲ್ಲಿ ದೇವನಹಳ್ಳಿಯಲ್ಲಿ ಬೆಳಗಿನ ಜಾವ ಮಂಜು ಮುಸುಕಿ ವಿಮಾನಗಳು ತಡವಾಗುವುದುಂಟು. ಡಿಸೆಂಬರ್, ಜನವರಿಗೆ ಟಿಕೆಟ್ ಮಾಡುವಾಗ ಟ್ರಾನ್ಸಿಟ್‌ಗೆ ಒಂದು ಗಂಟೆ ಜಾಸ್ತಿಯೇ ಇರಲಿ.

ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಬಂದಿವೆ, ಡ್ರೈವರ್‌ಗೆ ಮೊದಲೇ ಹೇಳಿ. ಮೂರೂವರೆ ಗಂಟೆ ಮುಂಚೆ ಕೌಂಟರ್ ಮುಂದೆ ಇರಿ.

ಚೆಕ್-ಇನ್ ಕೌಂಟರ್‌ನಲ್ಲಿ ಅವಸರ ಬೇಡ. ಸೂಟ್‌ಕೇಸಿನ ಹಿಡಿಗೆ ಸುತ್ತುವ ಉದ್ದನೆಯ ಬಿಳಿ ಪಟ್ಟಿಯನ್ನು ಬೆಲ್ಟಿನ ಮೇಲೆ ಹೋಗುವ ಮೊದಲು ಓದಿ. ಅದರ ಮೇಲೆ ಮೂರು ಅಕ್ಷರದ ಊರಿನ ಕೋಡ್ ದಪ್ಪಗೆ ಇರುತ್ತದೆ. ಬೋಸ್ಟನ್‌ಗೆ ಹೊರಟಿದ್ದರೆ ಬಿಒಎಸ್ ಅಂತ ಇರಬೇಕು, ಜೊತೆಗೆ ನಡುವಿನ ಊರಿನ ಕೋಡ್. ದುಬೈನ ಡಿಎಕ್ಸ್‌ಬಿ ಒಂದೇ ಇದ್ದರೆ ಅಲ್ಲೇ ಕೇಳಿ: "ಲಗೇಜ್ ಕೊನೆಯವರೆಗೂ ಹೋಗುತ್ತಾ?" ಅದರ ಚಿಕ್ಕ ಚೀಟಿಯನ್ನು ಪಾಸ್‌ಪೋರ್ಟಿನ ಹಿಂದೆ ಅಂಟಿಸಿಕೊಡುತ್ತಾರೆ, ಫೋಟೋ ತೆಗೆದಿಟ್ಟುಕೊಳ್ಳಿ. ಬೋರ್ಡಿಂಗ್ ಪಾಸ್ ಎರಡೂ ಕೈಗೆ ಬರಬೇಕು. ಎರಡನೆಯದು ಕೊಡದಿದ್ದರೆ ಯಾಕೆ ಅಂತ ಕೇಳಿ. ಅದರಲ್ಲಿ ಗೇಟ್ ನಂಬರ್ ಖಾಲಿ ಇದ್ದರೆ ಗಾಬರಿ ಬೇಡ, ಅಲ್ಲಿ ಹೋದಮೇಲೆ ಪರದೆಯ ಮೇಲೆ ಬರುತ್ತದೆ.

ಮೊದಲ ವಿಮಾನವೇ ಎರಡು ಗಂಟೆ ತಡ ಅಂತ ಬೋರ್ಡ್ ಬಂದರೆ ಸುಮ್ನೆ ಕೂರಬೇಡಿ. ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಬರಬೇಕಾದ ವಿಮಾನ ಎಲ್ಲಿದೆ ಅಂತ ಕಾಣುತ್ತದೆ. ಕನೆಕ್ಷನ್ ತಪ್ಪುವುದು ಖಚಿತ ಅನ್ನಿಸಿದರೆ ಬೆಂಗಳೂರಿನಲ್ಲೇ ಕೌಂಟರ್‌ಗೆ ಹೋಗಿ ಟಿಕೆಟ್ ಬದಲಾಯಿಸಿಕೊಡಿ ಅಂತ ಕೇಳಿ. ಗೊತ್ತಿಲ್ಲದ ದೇಶದ ಬೆಂಚಿನ ಮೇಲೆ ರಾತ್ರಿ ಕಳೆಯುವುದಕ್ಕಿಂತ ಯಲಹಂಕದ ನೆಂಟರ ಮನೆ ವಾಸಿ.

ವಿಮಾನದೊಳಗೆ, ಇಳಿದ ಮೇಲೆ

1. ಟಿಕೆಟ್‌ನಲ್ಲಿರುವುದೆಲ್ಲ ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ದೋಹಾ ಎರಡೂವರೆ. ಫ್ರಾಂಕ್‌ಫರ್ಟ್ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ. ಫ್ಲೈಟ್ ಮೋಡ್‌ನಲ್ಲಿರುವ ಫೋನ್ ಊರಿನ ಗಂಟೆಯನ್ನೇ ತೋರಿಸುತ್ತಿರುತ್ತದೆ. ಕೈಗಡಿಯಾರವನ್ನು ಹತ್ತಿದ ಕೂಡಲೇ ತಿರುಗಿಸಿಕೊಳ್ಳಿ.

2. ಇಳಿಯಲು ಒಂದು ಗಂಟೆ ಇರುವಾಗ ಗಗನಸಖಿಗೆ ಬೋರ್ಡಿಂಗ್ ಪಾಸ್ ತೋರಿಸಿ ಹೇಳಿ. ಮುಂದೆ ಸೀಟ್ ಖಾಲಿ ಇದ್ದರೆ ಕೂರಿಸುತ್ತಾರೆ, ಗೇಟ್ ಗೊತ್ತಿದ್ದರೆ ಹೇಳುತ್ತಾರೆ. ಶೌಚಾಲಯದ ಕೆಲಸವನ್ನು ವಿಮಾನ ಇಳಿಯುವ ಮೊದಲೇ ಮುಗಿಸಿ.

3. ಬಾಗಿಲು ದಾಟಿದ ಮೇಲೆ "ಟ್ರಾನ್ಸ್‌ಫರ್ಸ್" ಅಥವಾ "ಕನೆಕ್ಷನ್ಸ್" ಬೋರ್ಡ್ ಹಿಂದೆ ಹೋಗಿ. ಎಲ್ಲರೂ ಹೋಗುತ್ತಿದ್ದಾರೆ ಅಂತ ಹಿಂಬಾಲಿಸಬೇಡಿ, ಅವರಲ್ಲಿ ಅರ್ಧ ಜನ ಅದೇ ಊರಲ್ಲಿ ಇಳಿಯುವವರು.

4. ಮೊದಲು ಕಂಡ ಪರದೆಯ ಮುಂದೆ ನಿಂತು ಗೇಟ್ ನೋಡಿ. ಊರಿನ ಹೆಸರಲ್ಲಿ ಹುಡುಕಬೇಡಿ, ವಿಮಾನದ ನಂಬರ್ ನೋಡಿ. ಒಂದೇ ಊರಿಗೆ ಹತ್ತಿರ ಹತ್ತಿರದ ಹೊತ್ತಲ್ಲಿ ಎರಡು ವಿಮಾನ ಇರಬಹುದು. ಗೇಟ್ ಬದಲಾಗುವುದೂ ಉಂಟು, ಸೆಕ್ಯುರಿಟಿ ದಾಟಿದ ಮೇಲೆ ಇನ್ನೊಮ್ಮೆ ನೋಡಿ.

5. ಸೆಕ್ಯುರಿಟಿ ಕ್ಯೂ ಉದ್ದ ಇದ್ದು ಸಮಯ ತೀರಾ ಕಡಿಮೆ ಇದ್ದರೆ ಅಲ್ಲಿನ ಸಿಬ್ಬಂದಿಗೆ ಪಾಸ್ ತೋರಿಸಿ. ಬಿಗಿ ಕನೆಕ್ಷನ್‌ನವರನ್ನು ಬೇರೆ ಸಾಲಿಗೆ ಬಿಡುವ ಪದ್ಧತಿ ಬಹಳ ಕಡೆ ಇದೆ. ನಾಚಿಕೆ ಪಟ್ಟುಕೊಂಡು ಹಿಂದೆ ನಿಂತರೆ ಯಾರೂ ಬಂದು ಕರೆಯುವುದಿಲ್ಲ. ಬೆಲ್ಟ್, ನಾಣ್ಯ, ಫೋನ್ ಮೊದಲೇ ಕೈಚೀಲದೊಳಗೆ ಹಾಕಿಕೊಂಡಿದ್ದರೆ ಟ್ರೇ ಮುಂದೆ ತಡಕಾಡುವುದು ತಪ್ಪುತ್ತದೆ.

6. ಗೇಟ್ ಸಿಕ್ಕಮೇಲೆ ಕಾಫಿ, ನೀರು, ಫೋನ್. ಅದಕ್ಕೆ ಮೊದಲು ಯಾವುದೂ ಬೇಡ.

ಅಪ್ಪ–ಅಮ್ಮನನ್ನು ಒಬ್ಬರೇ ಕಳಿಸುವಾಗ

ವೀಲ್‌ಚೇರ್ ಕೇಳುವುದಕ್ಕೆ ಸಂಕೋಚ ಬೇಡ. ಆದರೆ ಬುಕ್ ಮಾಡುವಾಗಲೇ ಹೇಳಿ, ತಡ ಅಂದರೂ 48 ಗಂಟೆ ಮೊದಲು. ಸಿಬ್ಬಂದಿಯೇ ಸೆಕ್ಯುರಿಟಿ ದಾಟಿಸಿ ಗೇಟಿನವರೆಗೆ ಬಿಡುತ್ತಾರೆ, ದಾರಿ ಹುಡುಕುವ ಕಷ್ಟ ಇಲ್ಲ. ಒಂದು ತೊಂದರೆ ಮಾತ್ರ ಇದೆ: ವೀಲ್‌ಚೇರ್‌ನವರನ್ನು ಕೊನೆಗೆ ಇಳಿಸುತ್ತಾರೆ, ತಳ್ಳುವವರು ಬರುವವರೆಗೆ ಕಾಯಬೇಕು. ಹಾಗಾಗಿ ವೀಲ್‌ಚೇರ್ ಇದ್ದರೆ ಒಂದೂವರೆ ಗಂಟೆಯ ಕನೆಕ್ಷನ್ ಸಾಲದು, ಮೂರು ಗಂಟೆ ಬೇಕೇ ಬೇಕು. ಮಧ್ಯದಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ಕೂರಿಸಿ ಹೋದರೆ ಅರ್ಧ ಗಂಟೆಗೊಮ್ಮೆ ಪಾಸ್ ತೋರಿಸಿ ನೆನಪಿಸುತ್ತಿರಿ ಅಂತ ಹೇಳಿಕೊಡಿ.

ಇಂಗ್ಲಿಷ್ ಬಾರದವರ ಕೈಗೆ ಒಂದು ಚೀಟಿ ಕೊಡಿ. ಮೇಲೆ ಇಂಗ್ಲಿಷ್‌ನಲ್ಲಿ "ನನಗೆ ಇಂಗ್ಲಿಷ್ ಬರುವುದಿಲ್ಲ, ಈ ಗೇಟ್ ತೋರಿಸಿ", ಕೆಳಗೆ ದೊಡ್ಡದಾಗಿ ವಿಮಾನದ ನಂಬರ್, ಊರು, ಹೊರಡುವ ಸಮಯ, ಮಗನ ಫೋನ್ ನಂಬರ್. ಅದರ ಹಿಂದೆ ಕನ್ನಡದಲ್ಲಿ ಅದೇ ವಿವರ. ಎಲ್ಲವೂ ಫೋನಿನಲ್ಲಿದೆ ಅಂತ ಬಿಡಬೇಡಿ, ಚಾರ್ಜ್ ಮುಗಿದರೆ ಕಥೆ ಮುಗಿಯಿತು. ಕೊಲ್ಲಿಯ ನಿಲ್ದಾಣಗಳಲ್ಲಿ ಹಿಂದಿ, ಮಲಯಾಳಂ ಬಲ್ಲ ಸಿಬ್ಬಂದಿ ಸಿಗುತ್ತಾರೆ, ಬಾಯಿಬಿಟ್ಟು ಕೇಳಿದರೆ ಸಹಾಯ ಮಾಡುತ್ತಾರೆ.

ತಪ್ಪಿಯೇ ಹೋಯಿತು, ಈಗ?

ತಲೆ ಮೇಲೆ ಕೈ ಹೊತ್ತು ಕೂರಬೇಡಿ, ನಿಲ್ದಾಣದಿಂದ ಹೊರಗೂ ಹೋಗಬೇಡಿ. ಆ ಏರ್‌ಲೈನ್ಸ್‌ನ ಟ್ರಾನ್ಸ್‌ಫರ್ ಡೆಸ್ಕ್ ಹುಡುಕಿ. ಅಲ್ಲಿ ಕ್ಯೂ ಇರುತ್ತದೆ, ನಿಮ್ಮ ವಿಮಾನದಲ್ಲಿದ್ದ ಇನ್ನೂ ಹಲವರು ಅದೇ ಕಾರಣಕ್ಕೆ ನಿಂತಿರುತ್ತಾರೆ. ಕ್ಯೂನಲ್ಲಿ ನಿಂತೇ ಆ್ಯಪ್ ತೆರೆದು ನೋಡಿ, ಎಷ್ಟೋ ಸಲ ಹೊಸ ವಿಮಾನ ಆಗಲೇ ಹಾಕಿರುತ್ತಾರೆ. ಊರಲ್ಲಿರುವ ಮಗಳಿಂದ ಕಸ್ಟಮರ್ ಕೇರ್‌ಗೆ ಫೋನ್ ಮಾಡಿಸಿ. ಯಾರಿಗೆ ಮೊದಲು ಸಿಕ್ಕರೂ ಕೆಲಸ ಆಯಿತು.

ಡೆಸ್ಕ್‌ನಲ್ಲಿ ಇಷ್ಟು ಕೇಳಿ: ಮುಂದಿನ ವಿಮಾನ ಯಾವುದು? ನಿಮ್ಮದರಲ್ಲಿ ಜಾಗ ಇಲ್ಲದಿದ್ದರೆ ಬೇರೆ ಏರ್‌ಲೈನ್ಸ್‌ನಲ್ಲಿ ಹಾಕಿಕೊಡುತ್ತೀರಾ? ಊಟದ ಕೂಪನ್, ರಾತ್ರಿಯಾದರೆ ಹೋಟೆಲ್ ಕೊಡುತ್ತೀರಾ? ಹೋಟೆಲ್‌ಗೆ ಹೋಗಲು ವೀಸಾ ಬೇಕಾ? ನನ್ನ ಲಗೇಜ್ ಎಲ್ಲಿದೆ? ಉತ್ತರವನ್ನು ಬರೆದುಕೊಳ್ಳಿ, ಊಟಕ್ಕೆ ಕೈಯಿಂದ ಖರ್ಚು ಮಾಡಿದರೆ ಬಿಲ್ ಇಟ್ಟುಕೊಳ್ಳಿ.

ಯುರೋಪಿನಿಂದ ಹೊರಟಿದ್ದರೆ, ಅಥವಾ ಯುರೋಪಿನ ಏರ್‌ಲೈನ್ಸ್‌ನಲ್ಲಿ ಯುರೋಪಿನ ಊರಿಗೆ ಹೊರಟಿದ್ದರೆ, 2004ರ ಅಲ್ಲಿನ ನಿಯಮದಂತೆ ಕೊನೆಯ ಊರಿಗೆ ಮೂರು ಗಂಟೆಗಿಂತ ಜಾಸ್ತಿ ತಡವಾದರೆ ಪರಿಹಾರ ಕೇಳಬಹುದು. ದೂರದ ಪ್ರಯಾಣಕ್ಕೆ 600 ಯುರೋವರೆಗೆ ಇದೆ. ಹವಾಮಾನದಂಥ ಕಾರಣಕ್ಕೆ ತಡವಾದರೆ ದುಡ್ಡು ಸಿಗುವುದಿಲ್ಲ, ಊಟ ಮತ್ತು ಹೋಟೆಲ್ ಮಾತ್ರ ಕೊಡಲೇಬೇಕು. ಇದನ್ನು ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ನೀವು ಓಡಿ ವಿಮಾನ ಹಿಡಿದರೂ ಸೂಟ್‌ಕೇಸ್ ಹಿಡಿಯದೇ ಇರಬಹುದು. ಕೊನೆಯ ಊರಲ್ಲಿ ಬೆಲ್ಟ್ ಖಾಲಿಯಾಗಿ ನಿಂತರೆ ಹೊರಗೆ ಬರುವ ಮೊದಲು ಬ್ಯಾಗೇಜ್ ಕೌಂಟರ್‌ಗೆ ಹೋಗಿ ಪಿಐಆರ್ (ಲಗೇಜ್ ಬಂದಿಲ್ಲ ಅನ್ನುವ ದೂರಿನ ಫಾರಂ) ಬರೆಸಿ, ಅದರ ನಂಬರ್ ತೆಗೆದುಕೊಳ್ಳಿ. ಸೂಟ್‌ಕೇಸಿನ ಫೋಟೋ ಫೋನಿನಲ್ಲಿದ್ದರೆ ಕೆಲಸ ಸುಲಭ. ತಡವಾಗಿ ಬಂದ ಲಗೇಜಿಗೆ ಅದು ಕೈಸೇರಿದ 21 ದಿನದೊಳಗೆ, ಜಖಂ ಆಗಿದ್ದರೆ 7 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು.

ವಾಪಸ್ ಬರುವಾಗ

ನೇರ ಬೆಂಗಳೂರಿಗೆ ಬರುವ ವಿಮಾನ ಆದರೆ ಚಿಂತೆ ಇಲ್ಲ. ದೆಹಲಿ, ಮುಂಬೈ ಮೂಲಕ ಬರುವುದಾದರೆ ಅಮೆರಿಕದ ಕಥೆಯೇ ಇಲ್ಲೂ: ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಮುಗಿಸಿ ಮತ್ತೆ ಲಗೇಜ್ ಕೊಟ್ಟು ದೇಶದೊಳಗಿನ ವಿಮಾನ ಹತ್ತಬೇಕು. ಮೂರು ಗಂಟೆ ಇಟ್ಟುಕೊಳ್ಳಿ.

ಆಗಾಗ ಓಡಾಡುವವರು ಗೃಹ ಇಲಾಖೆಯ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್‌ಗೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ. ದೆಹಲಿಯಲ್ಲಿ 2024ರಲ್ಲಿ, ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಶುರುವಾಯಿತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ, ಒಸಿಐ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ಕ್ಯೂ ಬಿಟ್ಟು ಇ-ಗೇಟ್‌ನಲ್ಲಿ ಪಾಸ್‌ಪೋರ್ಟ್ ಇಟ್ಟು ದಾಟಬಹುದು.

ಕರೆಯಲು ಬರುವ ಕಾರಿನವರಿಗೆ ವಿಮಾನ ಇಳಿಯುವ ಸಮಯಕ್ಕೆ ಒಂದೂವರೆ ಗಂಟೆ ಸೇರಿಸಿ ಹೇಳಿ. ರಾತ್ರಿ ಒಂದು ಗಂಟೆಗೆ ಇಳಿದು, ಇಪ್ಪತ್ತು ಗಂಟೆ ಪ್ರಯಾಣ ಮಾಡಿದವರನ್ನು ಕೂರಿಸಿಕೊಂಡು, ಆಗಲೇ ಒಂದು ಟ್ರಿಪ್ ಮಾಡಿ ಬಂದ ಡ್ರೈವರ್ ಹಾಸನಕ್ಕೆ ಗಾಡಿ ಓಡಿಸುವುದು ಬೇಡ. ಇನ್ನೊಬ್ಬ ಡ್ರೈವರ್‌ನನ್ನು ಜೊತೆಗೆ ಕಳಿಸಿ, ಅದಾಗದಿದ್ದರೆ ಬೆಳಕು ಹರಿದ ಮೇಲೆ ಹೊರಡಿ.